ಪ್ರತಿಧ್ವನಿ ಮೇಷ್ಟ್ರ ಪ್ರಭಾವ

ಎಲ್ಲದಕ್ಕೂ ಮೂಲ ಒಂದು ತುಂಡು ಚಾಕ್‌ಪೀಸು.

ಮೊದಲ ಪಿರಿಯಡ್ಡಿನ ಕೊನೆಯಲ್ಲಿ ಅದು ಭೌತಶಾಸ್ತ್ರದ ಮೇಷ್ಟ್ರ ಕೈ ಜಾರಿ ಮೇಜಿನಡಿಗೆ ಉರುಳಿತು. ಮೇಷ್ಟ್ರು ಅದನ್ನು ಹುಡುಕಲು ಬಗ್ಗಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ವಿದ್ಯಾರ್ಥಿಗಳು ಕಟ್ಟೆಯೊಡೆದ ನೀರಿನಂತೆ ಹೊರಗೆ ನುಗ್ಗಿದರು. ಕೊನೆಗೆ ಹೊರಟ ಶಿಸ್ತಿನ ಹುಡುಗಿಯೊಬ್ಬಳು ಕ್ಲಾಸು ಖಾಲಿಯೆಂದುಕೊಂಡು ಫ್ಯಾನು ಆರಿಸಿ, ದೀಪ ಆರಿಸಿ, ಕಿಟಕಿ ಮುಚ್ಚಿ, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.

ಮೇಷ್ಟ್ರು ಚಾಕ್‌ಪೀಸು ಹಿಡಿದು ಎದ್ದಾಗ ಸುತ್ತಲೂ ಕತ್ತಲೆ. ಬಾಗಿಲ ಬಳಿ ಹೋಗಿ ಎರಡು ಸಲ ತಟ್ಟಿದರು. ಪಕ್ಕದ ಕ್ಲಾಸಿಗೆ ತೊಂದರೆಯಾದೀತೆಂದು ಮೂರನೆಯ ಸಲ ತಟ್ಟಲಿಲ್ಲ. ಮುಂದಿನ ಬೆಂಚಿನ ಮೇಲೆ ಕುಳಿತು ಕಾದರು. ಅವರಿಗೆ ಬೇಸರವೇನೂ ಆಗಲಿಲ್ಲ. ಒಬ್ಬರೇ ಕೂರುವುದರಲ್ಲಿ ಒಳ್ಳೆಯ ಅಭ್ಯಾಸವಿತ್ತು.

ಗುಡಿಸಲು ಬಂದ ಆಯಾ ಬಾಗಿಲು ತೆರೆದವಳೇ ಪೊರಕೆ ಕೈಬಿಟ್ಟಳು.

"ಅಯ್ಯೋ, ಒಳಗಿದ್ದೀರಾ ಸಾರ್? ಒಂದು ಕೂಗು ಹಾಕ್ಬಾರ್ದಿತ್ತಾ?"

"ಹಾಕ್ದೆ."

"ಯಾವಾಗ?"

"ಈಗ ಸ್ವಲ್ಪ ಹೊತ್ತಿನ ಮುಂಚೆ."

"ಬಾಗಿಲ ಹೊರಗೇ ಇದ್ದೆ ಸಾರ್ ನಾನು! ನೀವು ಕೂಗೋದು ನಿಮ್ಗಾದ್ರೂ ಕೇಳ್ಸುತ್ತಾ?" ಎಂದು ಆಯಾ ಪೊರಕೆ ಎತ್ತಿಕೊಂಡಳು. "ಓಡಿ ಬೇಗ. ಸ್ಟಾಫ್ ರೂಮಲ್ಲಿ ದೊಡ್ಡ ಮೀಟಿಂಗು. ಏನೋ ಹಂಚ್ತಾ ಇದ್ರು. ನಿಮ್ಗೆ ಉಳಿದಿದ್ಯೋ ಇಲ್ವೋ."

ಕಾಲೇಜಿನಲ್ಲಿ ಅವರಿಗೆ ಪ್ರತಿಧ್ವನಿ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಅದಕ್ಕೆ ಎರಡು ಕಾರಣ. ಬಹಳ ವರ್ಷಗಳ ಹಿಂದೆ ಅವರು ಒಂದು ಪ್ರಬಂಧ ಬರೆದಿದ್ದರು: 'ಖಾಲಿ ಕೋಣೆಗಳಲ್ಲಿ ಪ್ರತಿಧ್ವನಿ'. ಅದಕ್ಕಾಗಿ ಮೈದಾನದಾಚೆಯ ಹಳೇ ಕಟ್ಟಡದ ಖಾಲಿ ಕೋಣೆಗಳಲ್ಲಿ ಸಂಜೆ ಸಂಜೆ ನಿಂತು ಚಪ್ಪಾಳೆ ತಟ್ಟಿ, ಅದು ಗೋಡೆಗೆ ಬಡಿದು ತಿರುಗಿ ಬರುವುದನ್ನು ಅಳೆದಿದ್ದರು. ಹಾದಿಯಲ್ಲಿ ಹೋಗುವ ಹುಡುಗರು, ಪಾಪ ಮೇಷ್ಟ್ರಿಗೆ ಬೇರೆ ಯಾರೂ ತಟ್ಟುವುದಿಲ್ಲ, ಅದಕ್ಕೇ ತಾವೇ ತಟ್ಟಿಕೊಳ್ಳುತ್ತಾರೆ ಎಂದುಕೊಂಡಿದ್ದರು. ಎರಡನೆಯದು ಅವರ ಅಭ್ಯಾಸ. ಯಾರಾದರೂ ನೇರವಾಗಿ ಮಾತಾಡಿಸಿದರೆ ಗಾಬರಿಯಲ್ಲಿ ಅವರಾಡಿದ ಕೊನೆಯ ಮಾತನ್ನೇ ಹಿಂದಿರುಗಿಸಿಬಿಡುತ್ತಿದ್ದರು. "ಟೀ ಆಯ್ತಾ?" ಎಂದರೆ "ಆಯ್ತಾ" ಎನ್ನುತ್ತಿದ್ದರು. ಕೇಳಿದವರು ಆಯಿತೆಂದುಕೊಂಡು ಕೆಟಲ್ಲನ್ನು ಮುಂದಕ್ಕೆ ಒಯ್ಯುತ್ತಿದ್ದರು. ಹೀಗಾಗಿ ಅವರಿಗೆ ಟೀ ಸಿಗುತ್ತಿದ್ದುದೇ ಅಪರೂಪ.

ಸ್ಟಾಫ್ ರೂಮಿಗೆ ಬಂದು ನೋಡಿದರೆ ಎಲ್ಲರೂ ಇಬ್ಬಿಬ್ಬರಾಗಿ ಕುಳಿತಿದ್ದಾರೆ, ದೋಣಿ ಹತ್ತಲು ಕಾದವರ ಹಾಗೆ. ರಸಾಯನಶಾಸ್ತ್ರದ ಮೇಡಂ ಪಕ್ಕ ಪ್ರಾಣಿಶಾಸ್ತ್ರದ ಮೇಷ್ಟ್ರು. ಅರ್ಥಶಾಸ್ತ್ರದವರ ಪಕ್ಕ ಆಟದ ಮೇಷ್ಟ್ರು. ಇತಿಹಾಸದವರ ಪಕ್ಕ ಲೈಬ್ರರಿಯನ್. ಗೋಡೆಯ ಮೇಲೆ ಹೊಸ ನೋಟೀಸು, ಅಂಟು ಇನ್ನೂ ಒಣಗಿಲ್ಲ.

'ಜೋಡಿಯಾಗದವರು ಇಂದು ಸಂಜೆ ಐದರೊಳಗೆ ಜೋಡಿ ಮಾಡಿಕೊಂಡು ಹೆಸರು ಕೊಡತಕ್ಕದ್ದು. ತಪ್ಪಿದವರಿಗೆ ನಾಳೆಯಿಂದ ಹಳೇ ಕಟ್ಟಡದಲ್ಲಿ ಆಸನ ವ್ಯವಸ್ಥೆ ಮಾಡಲಾಗುವುದು. ಪ್ರಿನ್ಸಿಪಾಲರು.'

ಮೇಷ್ಟ್ರು ಮೂರು ಸಲ ಓದಿದರು. ಮೂರು ಸಲವೂ 'ಹಳೇ ಕಟ್ಟಡ' ಎಂಬಲ್ಲಿ ನಿಂತರು.

"ಏನ್ ಮೇಡಂ ಇದು?" ಎಂದರು.

ರಸಾಯನಶಾಸ್ತ್ರದ ಮೇಡಂ ಕಾಲೇಜಿನ ಎಲ್ಲರ ವಿಷಯದಲ್ಲೂ ಕೈಹಾಕಿ ಕಲಕುವವರು. ಅವರ ಪ್ರಯೋಗಾಲಯದಲ್ಲಿ ಮಾತ್ರ ಯಾವುದೂ ಕಲಕದೆ ಹಾಗೇ ಬಿದ್ದಿರುತ್ತಿತ್ತು. "ಬಂದ್ರಾ ಸಾರ್? ಎಲ್ಲಾ ಮುಗಿದ ಮೇಲೆ ಬನ್ನಿ ನೀವು. ಕಾಲೇಜುಗಳಿಗೆಲ್ಲ ರ‍್ಯಾಂಕು ಕೊಡ್ತಾರಲ್ಲ, ನಮ್ದು ಈ ಸಲ ಕೆಳಗಿನಿಂದ ಎಣಿಸಿದ್ರೆ ಬೇಗ ಸಿಗುತ್ತಂತೆ. ಕಟ್ಟಡಕ್ಕೆ ಮಾರ್ಕ್ಸ್ ಬಂದಿದೆ, ಗಿಡಗಳಿಗೆ ಬಂದಿದೆ, ಕುಡಿಯೋ ನೀರಿಗೂ ಬಂದಿದೆ. 'ಶೈಕ್ಷಣಿಕ ಪ್ರಭಾವ'ಕ್ಕೆ ಮಾತ್ರ ಸೊನ್ನೆ."

"ನಾನು ಹೇಳ್ದೆ," ಎಂದರು ಆಟದ ಮೇಷ್ಟ್ರು. "ಪ್ರಭಾವ ಅಂತ ನಂಗೇನಿಲ್ಲ ಸಾರ್, ಭಾವ ಒಬ್ರಿದ್ದಾರೆ, ದೊಡ್ಡ ಆಫೀಸಲ್ಲಿ. ಒಂದು ಮಾತು ಹೇಳಿಸ್ಲಾ ಅಂದೆ. ಪ್ರಿನ್ಸಿಪಾಲರು ಬೈದ್ರು."

"ಬೈದ್ರು," ಎಂದರು ಪ್ರತಿಧ್ವನಿ ಮೇಷ್ಟ್ರು.

"ಆ ಪ್ರಭಾವ ಅಲ್ಲ ಇದು," ಮೇಡಂ ಮುಂದುವರಿಸಿದರು. "ನಾವು ಬರೆದಿದ್ದನ್ನ ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖ ಮಾಡಿದ್ದಾರೆ ಅಂತ ಲೆಕ್ಕ. ನಮ್ಮನ್ನ ಹೊರಗಿನವರು ಯಾರು ಉಲ್ಲೇಖ ಮಾಡ್ತಾರೆ? ಅದಕ್ಕೇ ಪ್ರಿನ್ಸಿಪಾಲರು ಉಪಾಯ ಹೂಡಿದ್ರು. ನಾನು ನಿಮ್ದು ಉಲ್ಲೇಖಿಸ್ತೀನಿ, ನೀವು ನಂದು ಉಲ್ಲೇಖಿಸಿ. ಇಬ್ಬಿಬ್ಬರು ಒಂದೊಂದು ಜೋಡಿ. ನನ್ನ ಸೋಪಿನ ನೊರೆ ಪ್ರಬಂಧದಲ್ಲಿ ಇವರ ಎಮ್ಮೆ ಬರುತ್ತೆ. ಇವರ ಎಮ್ಮೆ ಪ್ರಬಂಧದಲ್ಲಿ ನನ್ನ ಸೋಪು."

"ಎಮ್ಮೆಗೆ ಸ್ನಾನ ಮಾಡಿಸಿದ್ರೆ ಆಯ್ತು," ಎಂದು ಪ್ರಾಣಿಶಾಸ್ತ್ರದವರು ಸಮಾಧಾನವಾಗಿ ಹೇಳಿದರು.

ಪ್ರತಿಧ್ವನಿ ಮೇಷ್ಟ್ರು ತಲೆಗಳನ್ನು ಎಣಿಸಿದರು. ತಮ್ಮನ್ನು ಬಿಟ್ಟರೆ ಜೋಡಿ ಸರಿಯಾಗಿತ್ತು. ತಮ್ಮನ್ನು ಸೇರಿಸಿದರೆ ಒಬ್ಬರು ಹೆಚ್ಚು.

ಅವರಿಗೆ ರ‍್ಯಾಂಕಿನ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಕಿಟಕಿಯ ಪಕ್ಕದ ತಮ್ಮ ಕುರ್ಚಿಯದು. ಆ ಕುರ್ಚಿಯಲ್ಲಿ ಕುಳಿತಾಗ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ ನಿಜ. ಆದರೆ ಎಲ್ಲರ ಮಾತೂ ಅವರ ಕಿವಿಗೆ ಬೀಳುತ್ತಿತ್ತು. ಮೇಡಂ ಅವರ ಅತ್ತೆಯ ಮಂಡಿ ನೋವು ಈಗ ಎಡಗಾಲಿಗೆ ಬಂದಿರುವುದು, ಇತಿಹಾಸದವರ ಮಗಳು ಗಣಿತದಲ್ಲಿ ಪಾಸಾದದ್ದು, ಆಟದ ಮೇಷ್ಟ್ರ ಭಾವ ತೆಗೆದುಕೊಂಡ ನಾಯಿ ಯಾರು ಬಂದರೂ ಬೊಗಳದೇ ಇರುವುದು, ಎಲ್ಲ ಅವರಿಗೆ ಗೊತ್ತಿತ್ತು. ಮಗಳು ಪಾಸಾದ ದಿನ ಸಂತೋಷ ತಡೆಯಲಾರದೆ ತಮ್ಮ ಬಾಡಿಗೆ ಕೋಣೆಗೆ ಹೋಗಿ ಒಬ್ಬರೇ ಸಿಹಿ ತಿಂದಿದ್ದರು. ಆ ಕೋಣೆಯಲ್ಲಿ ಮಾತೆಂದರೆ ಗೋಡೆಯಾಚೆಯ ಮನೆಯ ರೇಡಿಯೋ ಮಾತ್ರ. ದಿನದಲ್ಲಿ ಅವರಿಗೊಂದು ಸಂಸಾರವಿದ್ದರೆ ಅದು ಸ್ಟಾಫ್ ರೂಮಿನಲ್ಲಿ. ಆ ಸಂಸಾರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ.

ಹಳೇ ಕಟ್ಟಡದಲ್ಲಿ ಹಿಂದೆ ಕುಳಿತಿದ್ದವರು ಭೂಗರ್ಭಶಾಸ್ತ್ರದ ಮೇಷ್ಟ್ರು. ಅವರು ನಿವೃತ್ತರಾದದ್ದು ಕಾಲೇಜಿಗೆ ಗೊತ್ತಾದದ್ದು ಮರುವರ್ಷ.

ಪ್ರತಿಧ್ವನಿ ಮೇಷ್ಟ್ರು ಜೋಡಿ ಹುಡುಕಲು ಹೊರಟರು.

ಅರ್ಥಶಾಸ್ತ್ರದವರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. "ನಿಮ್ಗೆ ಇಬ್ಬರು ಆಗ್ಬಹುದಾ ಸಾರ್?"

"ಒಬ್ಬರನ್ನ ಸಂಭಾಳಿಸೋದೇ ಕಷ್ಟ," ಎಂದು ಅವರು ಆಟದ ಮೇಷ್ಟ್ರನ್ನು ತೋರಿಸಿದರು. "ನಂದು ಈರುಳ್ಳಿ ಬೆಲೆ, ಇವರದ್ದು ಸೀಟಿ ಊದುವ ವಿಧಾನ. ಎರಡನ್ನೂ ಸೇರಿಸೋಕೆ ಆಗಿನಿಂದ ಒದ್ದಾಡ್ತಿದೀನಿ. ಅದರಲ್ಲಿ ನಿಮ್ಮ ಖಾಲಿ ಕೋಣೆ ಎಲ್ಲಿಡ್ಲಿ?"

"ಈರುಳ್ಳಿ ಇಡ್ಬಹುದು, ಖಾಲಿ ಕೋಣೆಯಲ್ಲಿ," ಎಂದರು ಮೇಷ್ಟ್ರು ಆಸೆಯಿಂದ.

"ಆಗ ಅದು ಖಾಲಿ ಕೋಣೆ ಹೇಗಾಗುತ್ತೆ ಸಾರ್?"

ಮೇಷ್ಟ್ರು ಮುಂದಿನ ಮೇಜಿಗೆ ಹೋದರು. ಇತಿಹಾಸದವರು, ತಾವು ಸತ್ತವರನ್ನು ಮಾತ್ರ ಉಲ್ಲೇಖಿಸುವುದಾಗಿಯೂ ಲೈಬ್ರರಿಯನ್ನಿಗಾಗಿ ಒಂದು ಸಲ ನಿಯಮ ಮುರಿದಿರುವುದಾಗಿಯೂ ಹೇಳಿದರು. ಆಯಾ ಕೂಡ ಕನಿಕರದಿಂದ, "ನಂಗೆ ಬರೆಯೋಕೆ ಬಂದಿದ್ರೆ ನಾನೇ ಬರ್ತಿದ್ದೆ ಸಾರ್ ನಿಮ್ ಜೊತೆ," ಎಂದಳು. ಅಷ್ಟು ಜನರಲ್ಲಿ ಹಾಗೆಂದವಳು ಅವಳೊಬ್ಬಳೇ.

ಮಧ್ಯಾಹ್ನ ಲೈಬ್ರರಿಯನ್ ಕಂಪ್ಯೂಟರಿನ ಮುಂದೆ ಕುಳಿತು, ಮೇಷ್ಟ್ರ ಕಾಟ ತಪ್ಪಿದರೆ ಸಾಕೆಂದು ಅವರ ಪ್ರಬಂಧದ ಹೆಸರು ಹಾಕಿ ಹುಡುಕಿದರು. ಲೈಬ್ರರಿಯಲ್ಲಿ ಮೂವತ್ತು ವರ್ಷ ಪಿಸುಮಾತಾಡಿ ಪಿಸುಮಾತಾಡಿ ಬೇಸತ್ತಿದ್ದ ಆ ಮನುಷ್ಯ ಅವತ್ತು ಮೊದಲ ಸಲ ಕೂಗಿದರು.

"ಸಾರ್! ನಿಮ್ಗೆ ಒಬ್ರಿದ್ದಾರೆ!"

"ಒಬ್ರಿದ್ದಾರೆ," ಎಂದರು ಮೇಷ್ಟ್ರು. ಆಮೇಲೆ ಅರ್ಥವಾಗಿ, "ಯಾರು?" ಎಂದರು.

"ಒಬ್ಬರು ಮೇಡಂ. ಪಕ್ಕದ ಊರಿನ ಕಾಲೇಜು. ಸಭಾಂಗಣ ಕಟ್ಟೋದು ಹೇಗೆ ಅಂತ ಬರೆದಿದ್ದಾರೆ. ಅದರಲ್ಲಿ ನಿಮ್ಮ ಹೆಸರಿದೆ ನೋಡಿ. ಐದು ವರ್ಷದ ಹಿಂದೇನೇ ನಿಮ್ಮನ್ನ ನೆನೆಸ್ಕೊಂಡಿದ್ದಾರೆ!"

ಸುದ್ದಿ ಸ್ಟಾಫ್ ರೂಮಿಗೆ ಮೇಷ್ಟ್ರಿಗಿಂತ ಮೊದಲೇ ತಲುಪಿತು, ತಲುಪುವಾಗ ಸ್ವಲ್ಪ ದಪ್ಪವೂ ಆಗಿತ್ತು. ಮೇಷ್ಟ್ರು ಒಳಗೆ ಕಾಲಿಟ್ಟಾಗ ಎಲ್ಲರೂ ಅವರನ್ನು ಕಣ್ಣರಳಿಸಿ ನೋಡಿದರು.

"ಐದು ವರ್ಷದಿಂದ ಒಬ್ಬರು ನಿಮಗಾಗಿ ಕಾಯ್ತಿದ್ರೂ ಬಾಯಿ ಬಿಟ್ಟಿಲ್ಲವಲ್ಲ ಸಾರ್!" ಎಂದರು ರಸಾಯನಶಾಸ್ತ್ರದ ಮೇಡಂ. "ಹಚ್ಚಿ ಫೋನು. ಏನ್ ಮಾತಾಡ್ಬೇಕು ಅಂತ ನಾನು ಹೇಳ್ಕೊಡ್ತೀನಿ."

ಮೇಷ್ಟ್ರಿಗೆ ಆ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಐದು ವರ್ಷದ ಹಿಂದೆ ಒಂದು ದಿನ, ಎಲ್ಲೋ ಒಂದು ಮೇಜಿನ ಮುಂದೆ, ತಾವು ಕಂಡರಿಯದ ಒಬ್ಬರು ತಮ್ಮ ಮಾತನ್ನು ಓದಿ, ಹೌದು ಎಂದು ತಲೆದೂಗಿ, ತಮ್ಮ ಹೆಸರನ್ನು ಬರೆದಿದ್ದಾರೆ. ಆ ದಿನ ತಾವು ಏನು ಮಾಡುತ್ತಿದ್ದಿರಬಹುದು? ಬಹುಶಃ ಕೋಣೆಯಲ್ಲಿ ಕುಳಿತು ಪಕ್ಕದ ಮನೆಯ ರೇಡಿಯೋ ಕೇಳುತ್ತಿದ್ದಿರಬೇಕು. ಗೊತ್ತಾಗಿದ್ದರೆ ಅವತ್ತೂ ಸಿಹಿ ತಿನ್ನಬಹುದಿತ್ತು.

ಲೈಬ್ರರಿಯನ್ ಹುಡುಕಿಕೊಟ್ಟ ನಂಬರಿಗೆ ಫೋನು ಹೋಯಿತು. ರಸಾಯನಶಾಸ್ತ್ರದ ಮೇಡಂ ಅದನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು.

"ಹಲೋ, ಯಾರು?" ಹೆಣ್ಣು ದನಿ.

ಮೇಡಂ ಹೇಳಿಕೊಟ್ಟದ್ದೆಲ್ಲ ಮೇಷ್ಟ್ರಿಗೆ ಮರೆತುಹೋಯಿತು. "ನಾನು... ನೀವು ನನ್ನನ್ನ ನೆನೆಸ್ಕೊಂಡಿದ್ರಿ."

"ನಾನಾ?"

"ಐದು ವರ್ಷ ಆಯ್ತು. ನಂಗೆ ಇವತ್ತು ಗೊತ್ತಾಯ್ತು."

"ಯಾರ‍್ರೀ ನೀವು?"

"ನಂಗೆ ಜೋಡಿ ಇಲ್ಲ ಮೇಡಂ. ಎಲ್ಲರಿಗೂ ಆಯ್ತು, ನಾನೊಬ್ಬನೇ ಉಳ್ಕೊಂಡೆ. ಸಂಜೆ ಐದರೊಳಗೆ ಆಗ್ಬೇಕು. ನೀವು ಒಪ್ಪಿದ್ರೆ ಹೆಸರು ಕೊಟ್ಬಿಡ್ತೀನಿ."

ಆ ಕಡೆಯಿಂದ, "ಅಮ್ಮಾ! ಯಾವನೋ ಫೋನಲ್ಲಿ ಹುಚ್ಚುಹುಚ್ಚಾಗಿ ಮಾತಾಡ್ತಿದಾನೆ," ಎಂಬ ಕೂಗು. ಫೋನು ಕೈ ಬದಲಾಯಿಸಿದ ಸದ್ದು.

"ಏನಯ್ಯಾ?" ಈ ದನಿಗೆ ಮೇಜಿನ ಮೇಲಿನ ಲೋಟಗಳು ನಡುಗಿದವು. "ಐದು ಗಂಟೆಯೊಳಗೆ ಬೇಕಾ? ನನ್ನ ಮಗಳೇನು ಅಂಗಡಿ ಸಾಮಾನಾ? ಮನೇಲಿ ಹಿರಿಯರು ಯಾರೂ ಇಲ್ವಾ ನಿಂಗೆ?"

"ಇಲ್ವಾ," ಎಂದರು ಮೇಷ್ಟ್ರು, ಬೆವರುತ್ತ.

"ಯಾರೂ ಇಲ್ವಾ?" ದನಿ ಸ್ವಲ್ಪ ಇಳಿಯಿತು. "ಒಬ್ಬನೇನಾ?"

"ಒಬ್ಬನೇ."

"ಪಾಪ." ದನಿ ಇನ್ನಷ್ಟು ಮೆತ್ತಗಾಯಿತು. "ಕೆಲಸ ಖಾಯಂ ಏನಪ್ಪಾ?"

"ಅಮ್ಮಾ, ಕೊಡಿಲ್ಲಿ!" ಫೋನು ಮತ್ತೆ ಕೈ ಬದಲಾಯಿತು. ಸ್ಟಾಫ್ ರೂಮಿನಲ್ಲಿ ಆಟದ ಮೇಷ್ಟ್ರು ನಗು ತಡೆಯಲು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ಲೈಬ್ರರಿಯನ್ ಮುಂದೆ ಬಂದು, ಪ್ರಬಂಧ, ಉಲ್ಲೇಖ, ರ‍್ಯಾಂಕು, ಜೋಡಿ, ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಆ ಹೆಣ್ಣುಮಗಳೂ ನಕ್ಕರು.

"ಓ, ಖಾಲಿ ಕೋಣೆ! ನೆನಪಾಯ್ತು ಸಾರ್. ನಮ್ಮ ಗೈಡು ಮೂವತ್ತು ಉಲ್ಲೇಖ ಇರ್ಲೇಬೇಕು ಅಂದಿದ್ರು. ಇಪ್ಪತ್ತೊಂಬತ್ತು ಆಗಿತ್ತು. ಇನ್ನೊಂದಕ್ಕೆ ಯಾವುದೋ ಪಟ್ಟಿಯಲ್ಲಿ ನಿಮ್ದು ಸಿಕ್ತು."

ಮೇಷ್ಟ್ರು ಫೋನಿನ ಹತ್ತಿರಕ್ಕೆ ಬಾಗಿದರು. "ಓದಿದ್ರಾ?"

"ಸುಳ್ಳು ಹೇಳಲ್ಲ ಸಾರ್. ಓದ್ಲಿಲ್ಲ." ಆಮೇಲೆ ಮನಸ್ಸು ತಡೆಯದೆ, "ಹೆಸರು ಚೆನ್ನಾಗಿತ್ತು," ಎಂದರು.

"ಚೆನ್ನಾಗಿತ್ತು," ಎಂದರು ಮೇಷ್ಟ್ರು.

"ಜೋಡಿ ಮಾತ್ರ ಆಗಲ್ಲ ಸಾರ್. ನಮ್ಮಲ್ಲೂ ಇದೇ ಆಟ ನಡೀತಿದೆ. ಬೆಳಿಗ್ಗೆನೇ ನನ್ನದು ಸಸ್ಯಶಾಸ್ತ್ರದವರ ಜೊತೆ ಆಗ್ಹೋಯ್ತು."

ಫೋನು ಇಟ್ಟ ಮೇಲೆ ಅರ್ಥಶಾಸ್ತ್ರದವರು ಈರುಳ್ಳಿಗೂ ಸೀಟಿಗೂ ಏನು ಸಂಬಂಧ ಎಂದು ಮೆಲ್ಲಗೆ ಶುರುಮಾಡಿದರು. ಮಾತು ಮತ್ತೆ ಎಲ್ಲರ ನಡುವೆ ಹರಿಯಿತು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ನಾಳೆಯಿಂದ ಕೇಳಲು ಸಿಗದಿರುವುದನ್ನು ಇವತ್ತೇ ಕೇಳಿಸಿಕೊಳ್ಳುವವರಂತೆ, ಒಂದಕ್ಷರ ಬಿಡದೆ ಕೇಳಿದರು. ಅತ್ತೆಯ ನೋವು ಮತ್ತೆ ಬಲಗಾಲಿಗೆ ಬಂದಿತ್ತು.

ಐದಕ್ಕೆ ಸ್ವಲ್ಪ ಮುಂಚೆ ತಮ್ಮ ಲೋಟ, ಕೊಡೆ, ಕುರ್ಚಿಯ ದಿಂಬು ಕಂಕುಳಲ್ಲಿ ಇಟ್ಟುಕೊಂಡು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತರು. ಅಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಸಾಲುಗಟ್ಟಿದ್ದರು. ಒಳಗೆ ಪ್ರಿನ್ಸಿಪಾಲರು ಫೋನಿನಲ್ಲಿದ್ದರು.

"ಹಾಂ... ಹಾಂ ಸಾರ್... ಒಂದೇ ಕಾಲೇಜಿನವರು... ಹಾಗೇನಿಲ್ಲ ಸಾರ್, ನಮ್ಮಲ್ಲಿ ಅಂಥದ್ದೆಲ್ಲ ನಡೆಯೋದೇ ಇಲ್ಲ... ಹಾಂ..."

ಫೋನಿಟ್ಟು ಹೊರಬಂದ ಅವರ ಮುಖ ಗಾಳಿ ಹೋದ ಬಲೂನಿನಂತಾಗಿತ್ತು. "ರ‍್ಯಾಂಕಿನ ಆಫೀಸಿನಿಂದ. ಒಂದೇ ಕಾಲೇಜಿನವರು ಒಬ್ಬರನ್ನೊಬ್ಬರು ಉಲ್ಲೇಖ ಮಾಡಿಕೊಂಡ್ರೆ ಲೆಕ್ಕಕ್ಕಿಲ್ವಂತೆ. ಅಷ್ಟೇ ಅಲ್ಲ, ಅಂಥ ಪ್ರತಿ ಜೋಡಿಗೂ ಅಂಕ ಕಳೀತಾರಂತೆ!"

ಸಾಲು ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಚದುರಿತು. ರಸಾಯನಶಾಸ್ತ್ರದ ಮೇಡಂ ಒಂದು ಮಾರು ಆಚೆ ಹಾರಿ, "ನಮ್ಮಿಬ್ಬರ ನಡುವೆ ಏನೂ ಇಲ್ಲ ಸಾರ್!" ಎಂದರು. "ಇವರ ಎಮ್ಮೆಯನ್ನ ನಾನು ಕಣ್ಣಲ್ಲೂ ಕಂಡಿಲ್ಲ!" ಆಟದ ಮೇಷ್ಟ್ರು ಅರ್ಥಶಾಸ್ತ್ರದವರ ಕೈಯಿಂದ ತಮ್ಮ ಸೀಟಿ ಕಿತ್ತುಕೊಂಡರು.

"ಹೊರಗಿನವರು ಉಲ್ಲೇಖ ಮಾಡಿರೋರು ಒಬ್ರಾದ್ರೂ ಇದ್ದೀರೇನ್ರೀ?" ಎಂದು ಪ್ರಿನ್ಸಿಪಾಲರು ಅಳುವ ದನಿಯಲ್ಲಿ ಕೇಳಿದರು.

"ಒಬ್ರಿದ್ದಾರೆ!" ಲೈಬ್ರರಿಯನ್ ಎರಡನೆಯ ಸಲ ಕೂಗಿದರು.

ಎಲ್ಲರ ಕಣ್ಣೂ ಕೊಡೆ, ಲೋಟ, ದಿಂಬಿನ ಮೇಲೆ ಬಿತ್ತು. ಮರುಕ್ಷಣ ಮೇಷ್ಟ್ರ ಸುತ್ತ ಜಾತ್ರೆ. ಯಾರೋ ಕೈ ಕುಲುಕಿದರು, ಯಾರೋ ಬೆನ್ನು ತಟ್ಟಿದರು. "ಟೀ ಕುಡಿದ್ರಾ ಸಾರ್?" ಎಂದು ಕೇಳಿದ ಅರ್ಥಶಾಸ್ತ್ರದವರು ಉತ್ತರಕ್ಕೂ ಕಾಯದೆ ತಮ್ಮ ಲೋಟವನ್ನೇ ಅವರ ಕೈಗಿಟ್ಟರು. ಇತಿಹಾಸದವರು ಮಗಳು ಗಣಿತದಲ್ಲಿ ಪಾಸಾದದ್ದನ್ನು ಹೇಳಿದರು. ಮೇಷ್ಟ್ರು ಗೊತ್ತಿಲ್ಲದವರಂತೆ, "ಹೌದಾ!" ಎಂದು ಹಿಗ್ಗಿದರು. ಈ ಕಾಲೇಜಿಗೆ ಸೇರಿದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಸ್ಟಾಫ್ ರೂಮಿನ ಒಂದು ಸುದ್ದಿ ಅವರಿಗಾಗಿಯೇ ಹೇಳಿದ್ದಾಗಿತ್ತು. ಕುರ್ಚಿ ಉಳಿಯಿತು ಎಂದುಕೊಂಡರು. ಬರೀ ಕುರ್ಚಿಯಲ್ಲ, ಅದರ ಸುತ್ತಲಿನ ಜನರೂ.

"ನಮ್ಮ ಕಾಲೇಜಿನ ಇಡೀ ಪ್ರಭಾವ ಅಂದ್ರೆ ನೀವೊಬ್ರೇ ಸಾರ್!" ಪ್ರಿನ್ಸಿಪಾಲರು ಅವರನ್ನು ತಬ್ಬಿಕೊಂಡರು. "ಇಂಥವರನ್ನ ಇಷ್ಟು ವರ್ಷ ಸ್ಟಾಫ್ ರೂಮಿನ ಗಲಾಟೆಯಲ್ಲಿ ಕೂರಿಸಿದ್ವಲ್ಲ, ನಮ್ಗೆ ನಾಚಿಕೆ ಆಗ್ಬೇಕು! ನಿಮ್ಗೆ ಪ್ರತ್ಯೇಕ ಕೋಣೆ. ಹಳೇ ಕಟ್ಟಡದಲ್ಲಿ ದೊಡ್ಡದೊಂದಿದೆ. ಯಾರೂ ಆ ಕಡೆ ಸುಳಿಯಬಾರದು, ಮಾತಾಡಿಸಿ ತೊಂದರೆ ಕೊಡಬಾರದು. ಇದು ನನ್ನ ಆರ್ಡರು. ನೀವು ಕೂತು ಬರೀತಾ ಇರಿ. ಸಂತೋಷಾನಾ?"

ಮೇಷ್ಟ್ರು ಬೇಡ ಎನ್ನಬೇಕೆಂದಿದ್ದರು. ಗಾಬರಿಯಲ್ಲಿ ಬಾಯಿಂದ ಬಂದದ್ದು, "ಸಂತೋಷಾನಾ."

"ನೋಡಿ, ಎಷ್ಟು ಖುಷಿ ಅವರಿಗೆ!" ಎಂದರು ಪ್ರಿನ್ಸಿಪಾಲರು.

ಎಲ್ಲರೂ ಸೇರಿ ಪ್ರೀತಿಯಿಂದ ಅವರ ಕುರ್ಚಿಯನ್ನು ಎತ್ತಿಕೊಂಡು ಮೈದಾನ ದಾಟಿಸಿದರು. ಆ ಕೋಣೆ ಮೇಷ್ಟ್ರು ಹಿಂದೆ ಚಪ್ಪಾಳೆ ತಟ್ಟಿದ್ದ ಕೋಣೆಯೇ. ಆಗ ಅದು ಖಾಲಿಯಿತ್ತು. ಈಗ ನಾಲ್ಕೂ ಗೋಡೆಗೆ ಸೂರಿನವರೆಗೆ ಹಳೆಯ ಪರೀಕ್ಷೆಗಳ ಉತ್ತರ ಪತ್ರಿಕೆಗಳ ಕಟ್ಟುಗಳು. ನಡುವೆ ಒಂದು ಕುರ್ಚಿಗೆ ಮಾತ್ರ ಜಾಗ. ಕುರ್ಚಿ ಇಟ್ಟು, ಕೈಮುಗಿದು, ಆರ್ಡರಿನ ಪ್ರಕಾರ ಯಾರೂ ಮಾತಾಡದೆ ಹೊರಟರು. ಕೊನೆಗೆ ಉಳಿದವಳು ಆಯಾ.

"ಗಾಳಿಗೆ ಬಾಗಿಲು ಬಡ್ಕೊಂಡು ನಿಮ್ಗೆ ತೊಂದ್ರೆ ಆಗ್ಬಾರ್ದು ಸಾರ್," ಎಂದು ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. "ಮನೆಗೆ ಹೊರಟಾಗ ಒಂದು ಕೂಗು ಹಾಕಿ, ತೆಗೀತೀನಿ. ಸ್ವಲ್ಪ ಜೋರಾಗಿ ಹಾಕಿ."

ಅವಳ ಹೆಜ್ಜೆಯ ಸದ್ದು ಮೈದಾನದಲ್ಲಿ ಕರಗಿತು. ದೂರದ ಸ್ಟಾಫ್ ರೂಮಿನಲ್ಲಿ ದೀಪ ಹತ್ತಿದ್ದು ಬಾಗಿಲ ಸಂದಿಯಿಂದ ಕಂಡಿತು. ಯಾರೋ ಏನೋ ಹೇಳಿ ಎಲ್ಲರೂ ನಕ್ಕಂತಾಯಿತು, ಏನೆಂದು ಕೇಳಿಸಲಿಲ್ಲ.

ಮೇಷ್ಟ್ರು ಎದ್ದು ನಿಂತು ಹಳೆಯ ನೆನಪಿಗೆ ಒಂದು ಚಪ್ಪಾಳೆ ತಟ್ಟಿದರು. ಅದು ಅಲ್ಲೇ ಸತ್ತಿತು. ಆಗ ನೆನಪಾಯಿತು: ಕಾಗದದ ರಾಶಿ ಇರುವ ಕೋಣೆಯಲ್ಲಿ ಸದ್ದು ತಿರುಗಿ ಬರುವುದಿಲ್ಲ, ಅದನ್ನು ಕಾಗದ ಹೀರಿಬಿಡುತ್ತದೆ ಎಂದು ಅವರ ಪ್ರಬಂಧದ ಕೊನೆಯ ಪುಟದಲ್ಲಿ ಅವರೇ ಬರೆದಿದ್ದರು. ಯಾರಾದರೂ ಒಬ್ಬರು ಓದಿದ್ದರೆ ಗೊತ್ತಿರುತ್ತಿತ್ತು.

ಆಯಾ ಹೇಳಿದಂತೆ ಎದೆ ತುಂಬ ಉಸಿರೆಳೆದುಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಜೋರಾಗಿ ಕೂಗಿದರು: "ಯಾರಾದ್ರೂ ಇದ್ದೀರಾ?"

ಕೋಣೆಯ ತುಂಬ ಉತ್ತರ ಪತ್ರಿಕೆಗಳಿದ್ದವು. ಒಂದು ಉತ್ತರವೂ ಬರಲಿಲ್ಲ.